ಗುಂಡಿ ಅಂಗಡಿಯ ಮರೆವು

ಅಕ್ಕನಿಗೆ ಮರೆವು ಬಂದಿದೆ ಎಂಬ ಸುದ್ದಿಯನ್ನು ಬೀದಿಗೆಲ್ಲ ಹಂಚಿದವಳು ತಂಗಿ. ಹಂಚುವಾಗ ಅವಳಿಗೆ ಸಂಕಟವಾಗುತ್ತಿದ್ದದ್ದು ಸುಳ್ಳಲ್ಲ. ಆದರೆ ಸಂಕಟದ ಜೊತೆಗೆ ಒಂದು ಚಿಟಿಕೆ ಖುಷಿಯೂ ಇತ್ತು. ಹುಟ್ಟಿದಾಗಿನಿಂದ ಎಲ್ಲದರಲ್ಲೂ ಒಂದು ಕೈ ಮೇಲೇ ಇದ್ದ ಅಕ್ಕ ಈ ಒಂದು ವಿಷಯದಲ್ಲಾದರೂ ತನಗಿಂತ ಕೆಳಗೆ ಬಂದಳಲ್ಲ ಎಂಬ ಖುಷಿ. ಅಕ್ಕಂದಿರಿರುವ ತಂಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿ ಪ್ರಯೋಜನವಿಲ್ಲ.

ಇಬ್ಬರದೂ ಸೇರಿ ಒಂದು ಅಂಗಡಿ. ಗುಂಡಿ, ದಾರ, ಸೂಜಿ, ಲೇಸು, ಹೀಗೆ ಹೊಲಿಯುವವರಿಗೆ ಬಟ್ಟೆಯೊಂದನ್ನು ಬಿಟ್ಟು ಏನೇನು ಬೇಕೋ ಅದೆಲ್ಲ ಅಲ್ಲಿ ಸಿಗುತ್ತಿತ್ತು. ಅಂಗಡಿ ಎಷ್ಟು ಇಕ್ಕಟ್ಟೆಂದರೆ ಒಬ್ಬಳು ದಾಟಬೇಕಾದರೆ ಇನ್ನೊಬ್ಬಳು ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ಎರಡು ಗೋಡೆಗಳಿಗೂ ನೆಲದಿಂದ ಸೂರಿನ ತನಕ ಡಬ್ಬಿಗಳು, ನಡುವೆ ಒಂದು ಏಣಿ. ಅಕ್ಕ ಮುಂದೆ ಕೂತು ಗಿರಾಕಿಗಳ ಜೊತೆ ಮಾತಾಡುವಳು, ತಂಗಿ ಏಣಿ ಹತ್ತಿ ಸಾಮಾನು ತೆಗೆಯುವಳು. ಅಕ್ಕನದು ಬಾಯಿ, ತಂಗಿಯದು ಕೈ. ಬೀದಿಯವರಿಗೆ ಅವರು ಗುಂಡಿ ಅಕ್ಕ ಮತ್ತು ಗುಂಡಿ ತಂಗಿ. ಅವರ ನಿಜವಾದ ಹೆಸರುಗಳು ಕರೆಂಟ್ ಬಿಲ್ಲಿಗೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ.

ಮೊದಲೆಲ್ಲ ಅಕ್ಕ ಕೂಗುತ್ತಿದ್ದ ವೈಖರಿಯೇ ಬೇರೆ. ಗಿರಾಕಿ ಬಾಯಿ ತೆರೆಯುವಷ್ಟರಲ್ಲಿ ಸಾಮಾನಿನ ಹೆಸರು, ಬಣ್ಣ, ಅಳತೆ ಎಲ್ಲ ಒಂದೇ ಉಸಿರಿಗೆ ಏಣಿಯ ಮೇಲಕ್ಕೆ ಹಾರಿ ಬರುತ್ತಿದ್ದವು. ಎರಡು ವರ್ಷದಿಂದ ಆ ಗತ್ತೆಲ್ಲ ಮಾಯ. ಈಗ ಅಕ್ಕನ ಬಾಯಲ್ಲಿ ಉಳಿದದ್ದು ಒಂದೇ ಪದ.

"ಅದು ಕೊಡೇ."

"ಯಾವ ಅದು?"

"ಅದೇ ಕಣೇ, ಅದು!" ಎಂದು ಅಕ್ಕ ಬೆರಳು ಬಗ್ಗಿಸಿ ತೋರಿಸುವಳು. ಇಲ್ಲವೇ ಕತ್ತುಪಟ್ಟಿ ಮುಟ್ಟಿಕೊಳ್ಳುವಳು, ಸೊಂಟದ ಹತ್ತಿರ ಎರಡು ಕೈ ತಂದು ಏನನ್ನೋ ಸಿಕ್ಕಿಸಿದಂತೆ ಮಾಡುವಳು, ಕೆಲವು ಸಲ ಬರೀ ಗಲ್ಲ ಎತ್ತಿ ಇಂಥ ಮೂಲೆ ಎಂದು ಸೂಚಿಸುವಳು. ತಂಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಯಾದ ಡಬ್ಬಿ ಇಳಿಸಿಕೊಡುವಳು. ಗಿರಾಕಿಗಳು ಬೆರಗಾಗುತ್ತಿದ್ದರು. ತಂಗಿ ಅವರತ್ತ ಬಾಗಿ, ಅಕ್ಕನಿಗೆ ಕೇಳಿಸದಂತೆ, ಎಂದರೆ ಅಕ್ಕನಿಗೂ ಎದುರಂಗಡಿಯವನಿಗೂ ಸ್ಪಷ್ಟವಾಗಿ ಕೇಳಿಸುವಂತೆ ಹೇಳುವಳು: "ಪಾಪ, ನಮ್ಮಕ್ಕಂಗೆ ಹೆಸರುಗಳೇ ಹೊಳೆಯೋದಿಲ್ಲ. ಏನೋ, ನಾನು ಇದೀನಿ ಅಂತ ಅಂಗಡಿ ನಡೀತಿದೆ."

ಅಕ್ಕ ಏನೂ ಅನ್ನುತ್ತಿರಲಿಲ್ಲ. ಹಿಂದೆಲ್ಲ ಒಂದು ಮಾತಿಗೆ ಹತ್ತು ಮಾತು ತಿರುಗಿಸಿ ಕೊಡುತ್ತಿದ್ದವಳು ಈಗ ಸುಮ್ಮನೆ ದಾರದ ರೀಲು ಜೋಡಿಸುತ್ತಾ ಕೂರುತ್ತಿದ್ದಳು. ಇದೂ ಮರೆವಿನ ಲಕ್ಷಣವೇ, ಜಗಳವಾಡುವುದನ್ನೇ ಮರೆತಿದ್ದಾಳೆ ಎಂದು ತಂಗಿ ತೀರ್ಮಾನಿಸಿದಳು. ಅದೇ ದಿನಗಳಲ್ಲಿ ಅಕ್ಕ ಒಂದು ಹಲಗೆ ಬರೆಸಿ ಅಂಗಡಿಯ ಮುಂದೆ ತೂಗುಹಾಕಿದಳು: "ಮಾದರಿ ತನ್ನಿ. ಬಾಯಿಮಾತಿನಲ್ಲಿ ಕೇಳಬೇಡಿ." ಕೇಳಿದ್ದು ಅರ್ಥವಾಗದ ಅಕ್ಕ ಮರ್ಯಾದೆ ಉಳಿಸಿಕೊಳ್ಳಲು ಮಾಡಿಕೊಂಡ ಉಪಾಯ ಇದು ಎಂದು ತಂಗಿಗೆ ತಕ್ಷಣ ಹೊಳೆಯಿತು. ಅವಳಿಗೆ ಇಂಥವೆಲ್ಲ ಬೇಗ ಹೊಳೆಯುತ್ತಿದ್ದವು.

ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಒಳಗೆ ಹೋಗಿದ್ದಾಗ ಬೀದಿಗೆ ಹೊಸದಾಗಿ ಬಂದ ದರ್ಜಿಯೊಬ್ಬ ಅಂಗಡಿಗೆ ಬಂದ. ಹೊಟ್ಟೆ ಮುಂದೆ, ಅಳತೆ ಟೇಪು ಕೊರಳಲ್ಲಿ. ಹಲಗೆ ಓದುವ ಅಭ್ಯಾಸವಿಲ್ಲದ ಮನುಷ್ಯ.

"ಬಕಲ್ ಇದೆಯೇನಕ್ಕಾ? ಹಿತ್ತಾಳೇದು."

"ಏನು?"

"ಬಕಲ್."

ತಂಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೋಡಪ್ಪಾ, ನೀವು ಹೊಸಬರು ಒಬ್ಬೊಬ್ಬರು ಒಂದೊಂದು ಹೆಸರು ಹುಟ್ಟಿಸಿಕೊಂಡು ಬರ್ತೀರ. ನಮ್ಮ ಅಂಗಡೀಲಿ ಆ ಆಟ ನಡೆಯೋದಿಲ್ಲ. ಎಂಥದು ಅಂತ ತೋರಿಸು."

ದರ್ಜಿ ಪೆಚ್ಚಾಗಿ ತನ್ನ ಸೊಂಟದ ಬೆಲ್ಟು ತೋರಿಸಿದ. "ಅಯ್ಯೋ, ಇದಾ!" ಎಂದು ತಂಗಿ ತಿರುಗಿಯೂ ನೋಡದೆ ಹಿಂದಿನ ಸಾಲಿಗೆ ಕೈ ಹಾಕಿ, ಹಿತ್ತಾಳೆಯವನ್ನೇ ಆರಿಸಿ ಅವನ ಮುಂದೆ ಸುರಿದಳು. "ಇದಕ್ಕೆ ಅಷ್ಟೊಂದು ಸುತ್ತುಬಳಸಿ ಮಾತಾಡ್ಬೇಕಾ?" ದರ್ಜಿ ತಲೆ ಕೆರೆದುಕೊಂಡು ಹೋದ. ಅವನು ಒಂದೇ ಪದ ಹೇಳಿದ್ದ. ಆದರೆ ತಂಗಿಯ ಎದುರು ವಾದಿಸಿ ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಅಕ್ಕನ ಮಗಳು ಇನ್ನೊಂದು ಬಡಾವಣೆಯಲ್ಲಿ ಸಂಸಾರ ಹೂಡಿದ್ದಳು. ಮೆದುಳಿನ ಒಳಗನ್ನು ಫೋಟೋ ಹಿಡಿಯುವ ಭಾರಿ ಯಂತ್ರವೊಂದನ್ನು ನಡೆಸುವುದು ಅವಳ ಕೆಲಸ. ಭಾನುವಾರ ಅವಳು ಬಂದಾಗ ತಂಗಿ ಅಡುಗೆಮನೆಗೆ ಕರೆದೊಯ್ದು ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದಳು.

"ಎಲ್ಲದಕ್ಕೂ ಅದು, ಅದು, ಅದು! ನಿಮ್ಮಮ್ಮ ನಿನ್ನನ್ನೂ ಒಂದಿನ ಅದು ಅಂತ ಕರೀತಾಳೆ, ನೋಡ್ತಾ ಇರು."

ಮಗಳು ನಗಲಿಲ್ಲ. ಅವರ ಪ್ರಯೋಗಾಲಯದಲ್ಲಿ ಆಗ ಒಂದು ಅಧ್ಯಯನ ನಡೆದಿತ್ತು. ಪದಗಳ ಅರ್ಥ ಮೆದುಳಿನ ಯಾವ ಭಾಗದಲ್ಲಿ ಕೂಡುತ್ತದೆ, ಹೊಸ ಪದ ಕಲಿಯುವುದು ಯಾವ ಭಾಗ, ವಯಸ್ಸಾದಂತೆ ಎರಡರಲ್ಲಿ ಯಾವುದು ಸವೆಯುತ್ತದೆ ಎಂದು ನೋಡುವ ಅಧ್ಯಯನ. ವಯಸ್ಸಾದವರು ಬೇಕಾಗಿದ್ದರು. "ಅಮ್ಮನ್ನ ಕರ್ಕೊಂಡು ಹೋಗ್ತೀನಿ ಚಿಕ್ಕಮ್ಮ. ಹಾಗೇನಾದ್ರೂ ಇದ್ರೆ ಗೊತ್ತಾಗಿಬಿಡುತ್ತೆ. ಇದ್ರೆ ಮಾತ್ರ ನಾನು ಅಮ್ಮನ್ನ ಇಲ್ಲಿ ಬಿಡೋದಿಲ್ಲ. ನಮ್ಮನೇಗೆ ಕರ್ಕೊಂಡು ಹೋಗಿ ಇಟ್ಕೋತೀನಿ. ಅಂಗಡಿ ಮುಚ್ಚಿಬಿಡಿ."

ಮರೆವಿನ ಕಥೆಗೆ ಇಂಥದೊಂದು ಬಾಲವಿರಬಹುದೆಂದು ತಂಗಿ ಯೋಚಿಸಿಯೇ ಇರಲಿಲ್ಲ. ಅಕ್ಕನಿಲ್ಲದ ಅಂಗಡಿ ಎಂದರೇನು? ಬೆಳಿಗ್ಗೆ ಎದ್ದು ಯಾರ ಮೇಲೆ ರೇಗುವುದು? "ಅಷ್ಟೇನೂ ಇಲ್ಲ ಬಿಡೇ, ನಾನು ಸ್ವಲ್ಪ ಜಾಸ್ತಿ ಹೇಳಿದೆ" ಎಂದು ತೇಪೆ ಹಚ್ಚಲು ನೋಡಿದಳು. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಬರ್ತೀನಿ. ಆದ್ರೆ ಇವಳೂ ಬರಬೇಕು. ಇಬ್ಬರಿಗೂ ಮಾಡಿಸು" ಎಂದಳು ಅಕ್ಕ.

"ನನಗ್ಯಾಕೆ? ನನ್ನ ತಲೆ ಗಟ್ಟಿಯಾಗಿದೆ."

"ಗಟ್ಟಿಯಾಗಿದ್ರೆ ಫೋಟೋ ಚೆನ್ನಾಗಿ ಬರುತ್ತೆ" ಎಂದು ಅಕ್ಕ ತಿರುಗಿ ಹೋದಳು.

ಒಬ್ಬಳೇ ಹೋಗಲು ಅಕ್ಕನಿಗೆ ಹೆದರಿಕೆ, ಅದಕ್ಕೇ ತನ್ನನ್ನು ಎಳೆಯುತ್ತಿದ್ದಾಳೆ ಎಂದು ತಂಗಿಗೆ ಕರುಳು ಚುರುಕ್ಕೆಂದಿತು. ಅಂದಿನಿಂದ ಅವಳು ಅಕ್ಕನಿಗೆ ಪಾಠ ಶುರುಮಾಡಿದಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಡಬ್ಬಿಯಿಂದ ಒಂದೊಂದೇ ಸಾಮಾನು ಎತ್ತಿ ಅಕ್ಕನ ಮೂಗಿನ ಮುಂದೆ ಹಿಡಿದು, "ಹೇಳು, ಇದರ ಹೆಸರೇನು?" ಎನ್ನುವಳು.

"ನೀನೇ ಹೇಳು" ಎನ್ನುವಳು ಅಕ್ಕ.

"ಪರೀಕ್ಷೆ ಇರೋದು ನನಗಲ್ಲ, ನಿನಗೆ."

"ನೀನು ಹೇಳಿಕೊಟ್ರೆ ತಾನೇ ನಾನು ಕಲಿಯೋದು?"

ಆಗ ತಂಗಿ ಸಾಮಾನನ್ನು ಡಬ್ಬಿಗೆ ಹಾಕಿ ಮುಚ್ಚಳ ಬಡಿಯುವಳು. ಇಂಥ ಶಿಷ್ಯೆಯನ್ನು ಕಟ್ಟಿಕೊಂಡು ಏಗುವುದು ಯಾರಿಂದಾದೀತು? ಪಾಠ ಹತ್ತದ ಮೇಲೆ ಅವಳು ಕೊನೆಯ ಉಪಾಯ ಹೂಡಿದಳು. ಪರೀಕ್ಷೆ ನಡೆಯುವಾಗ ತಾನು ಡಾಕ್ಟರ ಬೆನ್ನ ಹಿಂದೆ ಕೂರುವುದು. ಅಕ್ಕ ತಡವರಿಸಿದರೆ ಅಂಗಡಿಯ ಸನ್ನೆಗಳನ್ನೇ ಮಾಡಿ ತೋರಿಸುವುದು. ಎರಡು ವರ್ಷ ಅಕ್ಕ ತನಗೆ ಮಾಡಿದ್ದನ್ನು ತಾನು ಅಕ್ಕನಿಗೆ ಮಾಡುವುದು, ಅಷ್ಟೇ. ಅಕ್ಕ ಈ ಯೋಜನೆಯನ್ನು ಕೇಳಿ ಅವಳ ಮುಖವನ್ನೇ ನೋಡಿದಳು. ಆಮೇಲೆ, "ಆಯ್ತು, ಸನ್ನೆ ಇಟ್ಕೊಳ್ಳೋಣ" ಎಂದಳು.

ಪ್ರಯೋಗಾಲಯದ ಕೋಣೆ ಚಿಕ್ಕದಾಗಿ, ತಣ್ಣಗೆ, ಆಸ್ಪತ್ರೆಯ ವಾಸನೆಯಿಲ್ಲದೆ ಇತ್ತು. ಒಂದು ಮೇಜು, ಚಿತ್ರಗಳ ಕಟ್ಟು, ಮೂಲೆಯಲ್ಲಿ ಯಾರೂ ನೀರು ಹಾಕದ ಒಂದು ಗಿಡ. ಡಾಕ್ಟರು ಹೆಂಗಸು, ಮೆಲುದನಿಯವರು. ಅಕ್ಕನಿಗೆ ಹೊಸ ಜಾಗದಲ್ಲಿ ಎದೆ ಹೊಡೆದುಕೊಳ್ಳುತ್ತದೆ, ತಾನು ಕಣ್ಣಿಗೆ ಕಾಣುವಂತೆ ಕೂರಬೇಕು ಎಂದು ತಂಗಿ ಹಟ ಹಿಡಿದು, ಡಾಕ್ಟರ ಹಿಂದಿನ ಸ್ಟೂಲನ್ನು ಗಿಟ್ಟಿಸಿಕೊಂಡಳು. ಸೀರೆಯ ಸೆರಗು ಸಿಕ್ಕಿಸಿ, ಬೆರಳುಗಳ ನೆಟಿಗೆ ಮುರಿದು ಸಿದ್ಧಳಾದಳು.

ಡಾಕ್ಟರು ಚಿತ್ರ ತೋರಿಸಿದರು.

"ಏಣಿ" ಎಂದಳು ಅಕ್ಕ. "ಬೀಗ. ಜರಡಿ. ಇಕ್ಕಳ. ಲಾಳಿಕೆ. ಉಳಿ. ತಕ್ಕಡಿ."

ತಂಗಿಯ ಕೈ ಗಾಳಿಯಲ್ಲೇ ನಿಂತಿತು. ಅಕ್ಕ ಅವಳ ಕಡೆ ನೋಡಲೂ ಇಲ್ಲ. ಚಿತ್ರ ಮೇಜಿಗೆ ಬೀಳುವ ಮೊದಲೇ ಹೆಸರು ಬೀಳುತ್ತಿತ್ತು, ಹಳೆಯ ದಿನಗಳಲ್ಲಿ ಏಣಿಯ ಮೇಲಕ್ಕೆ ಹಾರಿ ಬರುತ್ತಿದ್ದಂತೆಯೇ. ಒಂದೂ ತಪ್ಪಲಿಲ್ಲ. ತಂಗಿಗೆ ಮೊದಲು ಹೆಮ್ಮೆಯಾಯಿತು. ಆಮೇಲೆ ಮೈಯೆಲ್ಲ ಉರಿಯಿತು. ಎಲ್ಲ ನೆನಪಿದ್ದೂ ಎರಡು ವರ್ಷ ಅದು ಅದು ಎಂದು ತನ್ನನ್ನು ಏಣಿಯ ಮೇಲೆ ಕುಣಿಸಿದಳಲ್ಲ! ಸೋಮಾರಿ! ನಡುವೆ ಕೆಲವು ಪದಗಳು ಅವಳಿಗೆ ವಿಚಿತ್ರವಾಗಿ ಕೇಳಿಸಿದವು. ಲಾಳಿಕೆಯಂತೆ, ಜರಡಿಯಂತೆ. ಅಕ್ಕ ಡಾಕ್ಟರ ಮುಂದೆ ದೊಡ್ಡಸ್ತಿಕೆ ತೋರಿಸಲು ಯಾವುದೋ ಹಳೇ ಪುಸ್ತಕದ ಪದಗಳನ್ನು ಹೇಳುತ್ತಿದ್ದಾಳೆ ಅಂದುಕೊಂಡಳು.

ಈಗ ತಂಗಿಯ ಸರದಿ. ಅಕ್ಕ ಎದ್ದು ಬಂದು ಅದೇ ಸ್ಟೂಲಿನ ಮೇಲೆ ಕೂತಳು.

ಕುರ್ಚಿ, ಬೆಕ್ಕು, ಗಡಿಯಾರ ಸಲೀಸಾಗಿ ಬಂದವು. ಅದರ ಮುಂದಿನದು, "ಹಿಟ್ಟು ಆಡಿಸೋದು. ಅಡುಗೆಮನೇದು. ನಮ್ಮನೇಲೂ ಇದೆ." ಅದರ ಮುಂದಿನದು, "ಇದು, ಬಾಟಲಿಗೆ ಎಣ್ಣೆ ಸುರೀತೀವಲ್ಲ, ಆಗ ಇಡೋದು. ಹೆಸರು ನಾಲಿಗೆ ತುದೀಲೇ ಇದೆ ಡಾಕ್ಟ್ರಮ್ಮ, ಮುಂದಿಂದು ತೋರಿಸಿ." ನಾಲಿಗೆಯ ತುದಿಯಲ್ಲಿ ಜಾಗ ಸಾಲದಷ್ಟು ಹೆಸರುಗಳು ಸೇರಿಕೊಂಡ ಮೇಲೆ ಡಾಕ್ಟರು ಆಟ ಬದಲಿಸಿದರು. ಈಗ ಹೆಸರನ್ನು ತಾವೇ ಹೇಳುತ್ತಾರಂತೆ, ಅದರ ಚಿತ್ರಕ್ಕೆ ಬೆರಳಿಟ್ಟರೆ ಸಾಕಂತೆ. ನಾಲ್ಕು ಚಿತ್ರಗಳನ್ನು ಹರಡಿದರು.

"ಹುಕ್ಕು ಯಾವುದು ತೋರಿಸಿಯಮ್ಮ."

ತಂಗಿ ಕಾದಳು. ಆ ಪದ ಬಾಗಿಲು ತಟ್ಟಿದ ಸದ್ದು ಚೆನ್ನಾಗಿಯೇ ಕೇಳಿಸಿತು, ಒಳಗಿನಿಂದ ಯಾರೂ ಎದ್ದು ಬರಲಿಲ್ಲ.

"ಹುಕ್ಕು," ಡಾಕ್ಟರು ಮತ್ತೆ ಹೇಳಿದರು.

"ಹುಕ್ಕು ಅಂದ್ರೆ ಏನು?" ಎಂದು ತಂಗಿ ಕೇಳಿದಳು.

ತಂಗಿ ತಲೆ ಎತ್ತಿದಳು. ಡಾಕ್ಟರ ಭುಜದ ಹಿಂದೆ ಅಕ್ಕ ಕೂತಿದ್ದಳು. ಅವಳ ಬಲಗೈ ಮೆಲ್ಲಗೆ ಮೇಲೆದ್ದಿತು, ತೋರುಬೆರಳು ಬಗ್ಗಿತು. ಅಂಗಡಿಯಲ್ಲಿ ದಿನಕ್ಕೆ ನಾಲ್ಕಾರು ಸಲ ಬಗ್ಗುತ್ತಿದ್ದಂತೆಯೇ.

ತಂಗಿಯ ಕೈ ತಾನಾಗಿ ಹೋಗಿ ಸರಿಯಾದ ಚಿತ್ರದ ಮೇಲೆ ಕೂತಿತು. ರವಿಕೆಗೆ ಹಾಕುವುದು, ಕಪ್ಪು ಡಬ್ಬಿಯದು, ಎಡಗಡೆ ಮೂರನೇ ಸಾಲಿನದು. ಗೊತ್ತಿಲ್ಲದೆ ಏನು? ಇದನ್ನು ಮಾರಿಯೇ ಅಲ್ಲವೇ ಇಷ್ಟು ವರ್ಷ ಹೊಟ್ಟೆ ಹೊರೆದದ್ದು? ಆದರೆ ಅವಳು ಚಿತ್ರವನ್ನು ನೋಡುತ್ತಿರಲಿಲ್ಲ. ಆ ಬಗ್ಗಿದ ಬೆರಳನ್ನೇ ನೋಡುತ್ತಿದ್ದಳು. ಎರಡು ವರ್ಷದಿಂದ ಅದು ಏನು ಮಾಡುತ್ತಿತ್ತು, ಯಾರಿಗಾಗಿ ಮಾಡುತ್ತಿತ್ತು ಎಂಬುದು ಅವಳಿಗೆ ಆ ಕ್ಷಣದಲ್ಲಿ ಪೂರ್ತಿಯಾಗಿ ಅರ್ಥವಾಯಿತು. ಇಂಥವು ಬೇಗ ಹೊಳೆಯುತ್ತವೆಂದು ಬೀಗುತ್ತಿದ್ದವಳಿಗೆ ಇದೊಂದು ಹೊಳೆಯಲು ಇಷ್ಟು ದಿನ ಬೇಕಾಗಿತ್ತು.

ಡಾಕ್ಟರು ಹಿಂದಿರುಗಿ ನೋಡಿದರು. ಅಕ್ಕ ಬೆರಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು, ಕದ್ದು ತಿಂದು ಸಿಕ್ಕಿಬಿದ್ದವಳ ಹಾಗೆ.

"ನೀವು ಸ್ವಲ್ಪ ಹೊರಗೆ ಕೂತ್ಕೋತೀರಾಮ್ಮ?"

ಅಕ್ಕ ಹೊರಗೆ ಹೋದ ಮೇಲೆ ಡಾಕ್ಟರು ಇನ್ನೂ ಬಹಳ ಪದಗಳನ್ನು ಹೇಳಿದರು. ತಂಗಿ ಗೊತ್ತಿದ್ದಕ್ಕೆ ಬೆರಳಿಟ್ಟಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಜೀವಮಾನದಲ್ಲಿ ಅವಳು ಅಷ್ಟು ಸಲ ಗೊತ್ತಿಲ್ಲ ಎಂದದ್ದು ಅದೇ ಮೊದಲು.

ಆಮೇಲೆ ಬಂದದ್ದು ತಮಾಷೆಯ ಪರೀಕ್ಷೆ. ಭೂಮಿಯ ಮೇಲೆ ಎಲ್ಲೂ ಇಲ್ಲದ ವಸ್ತುಗಳ ಚಿತ್ರಗಳು, ಯಾವ ಭಾಷೆಯಲ್ಲೂ ಇಲ್ಲದ ಹೆಸರುಗಳು. ಮೂರು ಕಾಲಿನ ಉಂಡೆಗೆ ಗಬಿಲೆ. ಬಾಲವಿರುವ ಪೆಟ್ಟಿಗೆಗೆ ಡಿಮ್ಮಾಲು. ಮುಳ್ಳುಮುಳ್ಳಿನ ಬಳೆಗೆ ಟುಂಗಿಸೆ. ಇಬ್ಬರಿಗೂ ಬೇರೆಬೇರೆಯಾಗಿ ಕಲಿಸಿ, ಒಂದು ಗಂಟೆ ಬಿಟ್ಟು ಕೇಳಿದರು. ಅಕ್ಕ ಗಬಿಲೆಯನ್ನು ಟುಂಗಿಸೆ ಮಾಡಿದಳು, ಟುಂಗಿಸೆಯನ್ನು ಗಡಬಡಿಸಿ ನುಂಗಿದಳು, "ಇಲ್ಲದ ಸಾಮಾನಿಗೆ ಹೆಸರು ಇಟ್ಕೊಂಡು ನಾನೇನು ಮಾಡಲಿ?" ಎಂದು ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡಳು. ತಂಗಿ ಮಾತ್ರ ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಒಪ್ಪಿಸಿದಳು. ಕೊನೆಗೆ ಯಂತ್ರದೊಳಗೆ ಮಲಗಿಸಿದರು. ಒಳಗೆ ಯಾರೋ ತಗಡು ಬಡಿಯುತ್ತಿದ್ದ ಹಾಗೆ ಸದ್ದು. ಗಾಜಿನಾಚೆಗೆ ಕೂತ ಅಕ್ಕನ ಮಗಳು ಮೈಕಿನಲ್ಲಿ, "ಅಲ್ಲಾಡಬೇಡ ಚಿಕ್ಕಮ್ಮ" ಎಂದಳು. ಅವಳ ದನಿಯೇ ಅಲ್ಲಾಡುತ್ತಿತ್ತು.

ಮುಂದಿನ ವಾರ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಪರದೆಯ ಮೇಲೆ ಎರಡು ಮೆದುಳುಗಳನ್ನು ತೋರಿಸಿದರು. ತಂಗಿಗೆ ಎರಡೂ ಹೂಕೋಸಿನ ಹಾಗೇ ಕಂಡವು.

"ಇದು ನಿಮ್ಮದು" ಎಂದು ಡಾಕ್ಟರು ಎಡಗಿವಿಯ ಮುಂದೆ, ಕಪಾಲದ ಒಳಗೆ ಬರುವ ಒಂದು ತುದಿಗೆ ಪೆನ್ನಿಟ್ಟರು. "ನಾವು ಒಂದು ಪದ ಕೇಳಿದಾಗ ಅದರ ರೂಪ, ಬಣ್ಣ, ಉಪಯೋಗ ಎಲ್ಲ ಒಟ್ಟಿಗೆ ಬಂದು ಕೂಡೋದು ಮುಖ್ಯವಾಗಿ ಇಂಥ ಕಡೆ. ನಿಮ್ಮದರಲ್ಲಿ ಈ ತುದಿ ಸವೆದಿದೆ. ಅದಕ್ಕೆ ಪದ ಕೇಳಿಸುತ್ತೆ, ಅರ್ಥ ಬರೋದಿಲ್ಲ." ಪೆನ್ನು ಒಳಕ್ಕೆ ಸರಿಯಿತು. "ಇದು ಹೊಸದನ್ನ ಕಲಿಯೋಕೆ ಬೇಕಾದ ಭಾಗ. ಸಮುದ್ರಕುದುರೆಯ ಆಕಾರ ಇದೆ ನೋಡಿ. ಇದು ಇನ್ನೂ ಪರವಾಗಿಲ್ಲ."

"ಅಂದ್ರೆ ಕುದುರೆ ನೆಟ್ಟಗಿದೆ, ಲಾಯ ಸೋರ್ತಿದೆ" ಎಂದಳು ತಂಗಿ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಹಾಗೇ ಅಂದ್ಕೊಳ್ಳಿ."

"ಲಾಯ ರಿಪೇರಿ ಆಗುತ್ತಾ?"

"ಇಲ್ಲಮ್ಮ" ಎಂದರು ಡಾಕ್ಟರು, ನೇರವಾಗಿ. "ಇದು ನಿಧಾನವಾಗಿ ಮುಂದುವರಿಯುತ್ತೆ. ಆದ್ರೆ ದಿನಾ ಕೈಯಲ್ಲಿ ಹಿಡಿಯೋ ವಸ್ತುಗಳ ಪದಗಳನ್ನ ದಿನಾ ಹೇಳ್ತಾ ಇದ್ರೆ ಕೆಲವನ್ನ ಮತ್ತೆ ಕಲೀಬಹುದು, ಬಹಳ ಕಾಲ ಉಳಿಸಿಕೊಳ್ಳಬಹುದು. ಬಿಟ್ರೆ ಹೋಗುತ್ತೆ."

ಮನೆಗೆ ಬಂದವಳೇ ತಂಗಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಅಕ್ಕನ ಸೀರೆಗಳನ್ನು ತುಂಬತೊಡಗಿದಳು. "ನಿಮ್ಮಮ್ಮನ್ನ ಕರ್ಕೊಂಡು ಹೋಗೇ" ಎಂದಳು ಅಕ್ಕನ ಮಗಳಿಗೆ. "ಎರಡು ವರ್ಷ ನನ್ನ ಕೈ ಹಿಡಿದು ನಡೆಸಿದಾಳೆ. ಅದೂ ನನ್ನ ಕೈಲಿ ಬೈಸ್ಕೊಂಡು. ಸಾಕು."

ಅಕ್ಕ ಬಂದು ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಿಟ್ಟಳು. "ನೀನು ಮಡಿಸೋದು ನನಗೆ ಯಾವತ್ತೂ ಹಿಡಿಸಿಲ್ಲ" ಎಂದಳು.

"ಯಾವಾಗ ಗೊತ್ತಾಯ್ತು ನಿನಗೆ?"

"ಒಂದಿನ ಹುಕ್ಕು ಕೊಡೇ ಅಂದೆ. ನೀನು ಏಣಿ ಹತ್ತಿ ಅಲ್ಲೇ ನಿಂತೆ. ಬಹಳ ಹೊತ್ತು ನಿಂತು, ಇಳಿದು ಬಂದು, ಖಾಲಿ ಆಗಿದೆ ಅಂದೆ. ಡಬ್ಬಿ ತುಂಬ ಇತ್ತು ಕಣೇ. ನಿನ್ನ ಮುಖದಲ್ಲಿ ಅದೆಂಥ ಹೆದರಿಕೆ ಇತ್ತು ಗೊತ್ತಾ? ಮಾರನೇ ದಿನ ಹೆಸರು ಹೇಳದೆ ಬೆರಳು ತೋರಿಸಿದೆ. ನಗ್ತಾ ತಂದುಕೊಟ್ಟೆ. ಆಮೇಲೆ ಹಾಗೇ ಅಭ್ಯಾಸ ಆಯ್ತು."

"ನಾನು ಬೀದಿಗೆಲ್ಲ ನಿನಗೆ ಮರೆವು ಅಂತ ಸಾರಿದೆನಲ್ಲೇ ಅಕ್ಕಾ. ಸುಮ್ಮನೆ ಕೇಳಿಸ್ಕೊಂಡಿದ್ದೆ ನೀನು."

"ಬೈಸ್ಕೊಂಡ್ರೆ ಏನು ಸವೆದುಹೋಗ್ತೀನಾ? ಬೈಯೋ ಪದಗಳಾದ್ರೂ ಇವಳಿಗೆ ಒಂದೂ ಮರೆತಿಲ್ಲ ಅಂತ ಸಮಾಧಾನ ಆಗ್ತಿತ್ತು."

ತಂಗಿಗೆ ನಗುವೂ ಅಳುವೂ ಒಟ್ಟಿಗೆ ಬಂದು, ಯಾವುದಕ್ಕೆ ದಾರಿ ಬಿಡುವುದೆಂದು ತಿಳಿಯದೆ ಕೆಮ್ಮಿದಳು. ಅಕ್ಕನ ಮೇಲೆ ಅವಳಿಗೆ ಅಷ್ಟು ಪ್ರೀತಿ ಉಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಹೇಳಲು ನಾಚಿಕೆಯಾಗಿ, ಮೂಗು ಒರೆಸಿಕೊಂಡು, "ಮೋಸಗಾತಿ" ಎಂದಳು.

ಇಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದ ಮಗಳು ಮಾತಾಡಿದಳು. "ಅಮ್ಮ, ನೀನು ಮಾಡಿದ್ದು ಮೋಸಾನೇ. ಎರಡು ವರ್ಷ ಹೆಸರು ಹೇಳದೆ ಇದ್ದೆ. ಚಿಕ್ಕಮ್ಮನ ಕಿವಿಗೆ ಬೀಳದೆ ಎಷ್ಟು ಪದ ಹೋದ್ವೋ." ಅಕ್ಕನ ಮುಖ ಬಿಳಿಚಿತು. ಅವಳು ಅದನ್ನು ಹೀಗೆ ಯೋಚಿಸಿಯೇ ಇರಲಿಲ್ಲ. ಮಗಳು ದನಿ ಇಳಿಸಿದಳು. "ನಾನು ಇಬ್ಬರನ್ನೂ ಬೇರೆ ಮಾಡೋದಿಲ್ಲ. ಆದ್ರೆ ಒಂದು ಮಾತು. ಮುಚ್ಚಿಡೋದಾದ್ರೆ ಅಂಗಡಿ ಬೇಡ, ನಾಳೇನೇ ಬೀಗ ಹಾಕಿ. ನಾಲ್ಕು ಜನಕ್ಕೆ ಹೇಳ್ಕೊಂಡು ನಡೆಸೋದಾದ್ರೆ ನಡೆಸಿ. ಹೇಳಬೇಕಾದವರು ಅಮ್ಮ ಅಲ್ಲ. ಚಿಕ್ಕಮ್ಮ."

ಹೇಳುವುದು! ಬೀದಿಯಲ್ಲಿ ತಲೆ ಎತ್ತಿ ನಡೆದವಳು, ಎದುರಂಗಡಿಯವನ ಲೆಕ್ಕದ ತಪ್ಪನ್ನೂ ಹಾಲಿನವನ ಉಚ್ಚಾರದ ತಪ್ಪನ್ನೂ ತಿದ್ದಿದವಳು, ಈಗ ಹೋಗಿ ತನ್ನ ತಲೆಯೇ ಸೋರುತ್ತಿದೆ ಎಂದು ಹೇಳಬೇಕು. ಬೆಳಿಗ್ಗೆ ಎದ್ದು ತಂಗಿ ಮಾಡಿದ ಮೊದಲ ಕೆಲಸವೆಂದರೆ, ಮಾದರಿ ತನ್ನಿ ಎಂಬ ಹಲಗೆಯನ್ನು ಇಳಿಸಿ ಒಲೆಯ ಹಿಂದೆ ಒಗೆದದ್ದು. ಎರಡನೆಯ ಕೆಲಸ ಮಾಡಲು ಧೈರ್ಯ ಸಾಲದೆ ಗುಂಡಿಗಳನ್ನು ಸುಮ್ಮಸುಮ್ಮನೆ ಬಣ್ಣವಾರು ಬೇರೆ ಮಾಡುತ್ತಾ ಏಣಿಯ ಮೇಲೆ ಕೂತಳು.

ಹತ್ತು ಗಂಟೆಯ ಹೊತ್ತಿಗೆ ಅದೇ ಹೊಟ್ಟೆಯ ದರ್ಜಿ ಬಂದ. ತಂಗಿ ಹಬ್ಬಿಸಿದ ಸುದ್ದಿ ಅವನ ತನಕವೂ ಮುಟ್ಟಿತ್ತು. ಅವನು ಅಕ್ಕನ ಮುಂದೆ ಬಾಗಿ, ಕಿವುಡರೊಡನೆ ಮಾತಾಡುವಂತೆ ಒಂದೊಂದೇ ಅಕ್ಷರ ಎಳೆದು, "ಅಕ್ಕಾ, ಚೆ-ನ್ನಾ-ಗಿ-ದೀ-ರಾ? ನಾನು ಯಾರು, ಗೊ-ತ್ತಾ-ಯ್ತಾ?" ಎಂದ. ಅಕ್ಕ ಎಂದಿನಂತೆ ನಕ್ಕು ತಲೆಯಾಡಿಸಿದಳು.

ತಂಗಿಯ ಮೈಯಲ್ಲಿ ಬೆಂಕಿ ಬಿದ್ದಂತಾಯಿತು. "ಏ, ಅವಳ ಹತ್ರ ನೆಟ್ಟಗೆ ಮಾತಾಡಪ್ಪಾ!" ಎಂದು ಏಣಿಯಿಂದ ದಡದಡ ಇಳಿದಳು. "ನಮ್ಮಕ್ಕಂಗೆ ಮರೆವಿಲ್ಲ, ಮಣ್ಣೂ ಇಲ್ಲ. ಮರೆವಿರೋದು ನನಗೆ. ನನ್ನ ಮೆದುಳು ಸವೆದಿದೆ. ಡಾಕ್ಟ್ರು ಫೋಟೋ ತೆಗೆದು ತೋರಿಸಿದಾರೆ. ಪದ ಕೇಳುತ್ತೆ, ಅರ್ಥ ಬರೋದಿಲ್ಲ."

"ಇವಳ ಮಾತು ಕಟ್ಕೋಬೇಡಪ್ಪ" ಎಂದಳು ಅಕ್ಕ, ಅಭ್ಯಾಸಬಲದಿಂದ. "ಮರೆವು ನನಗೇ."

"ನಿನಗೆಲ್ಲಿದೆ? ಎಲ್ಲಾ ಹೆಸರೂ ಗಿಳಿ ಹಾಗೆ ಒಪ್ಪಿಸಿ ಬಂದಿದೀಯ!"

"ಗಬಿಲೆ ಹೇಳೋಕೆ ಬಂತಾ ನನಗೆ?"

"ಗಬಿಲೆ ಅನ್ನೋದು ಪ್ರಪಂಚದಲ್ಲೇ ಇಲ್ವಲ್ಲೇ!"

ದರ್ಜಿ ಇಬ್ಬರ ಮುಖವನ್ನೂ ಸರದಿಯಂತೆ ನೋಡಿದ. "ಯಾರಿಗಾದ್ರೂ ಇರಲಿ ತಾಯಂದಿರಾ, ನನಗೆ ಬೇಕಾದ್ದು ಕೊಟ್ಟುಬಿಡಿ, ಅಂಗಡೀಲಿ ಗಿರಾಕಿ ಕಾಯ್ತಿದಾನೆ."

"ಏನು ಬೇಕು? ಹೆಸರು ಹೇಳು. ತೋರಿಸಬೇಡ" ಎಂದಳು ತಂಗಿ.

"ಅಂಗುಸ್ತಾನ."

ತಂಗಿ ಡಬ್ಬಿಗಳ ಕಡೆ ತಿರುಗಿ ನಿಂತಳು. ಅಷ್ಟೂ ಡಬ್ಬಿಗಳು, ಅಷ್ಟನ್ನೂ ಅವಳ ಕೈಯೇ ಜೋಡಿಸಿದ್ದು. ಅದರಲ್ಲಿ ಯಾವುದೋ ಒಂದು ಅವನಿಗೆ ಬೇಕು. ಪದ ಬಂತು, ನಿಂತಿತು, ಹೋಯಿತು. ಪಕ್ಕದಲ್ಲಿ ಅಕ್ಕನ ಕೈ ಮೆಲ್ಲಗೆ ಏಳತೊಡಗಿದ್ದು ಅವಳ ಓರೆಗಣ್ಣಿಗೆ ಕಂಡಿತು.

"ಕೈ ಕೆಳಗಿಡು ಅಕ್ಕಾ."

ಅಕ್ಕ ಕೈಯಿಳಿಸಿದಳು. ತಂಗಿ ದರ್ಜಿಯ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು, ದನಿ ಮಾತ್ರ ಎಂದಿನ ಜೋರಿನಲ್ಲೇ ಇತ್ತು. "ಗೊತ್ತಿಲ್ಲಪ್ಪಾ. ಅಂಗುಸ್ತಾನ ಅಂದ್ರೆ ಏನು?"

ದರ್ಜಿಗೆ ಈಗ ಅರ್ಥವಾಯಿತು. ಅವನು ನಗಲಿಲ್ಲ. ಅಕ್ಕ ಎದ್ದಳು. ಮಂಡಿನೋವೆಂದು ಏಣಿ ಮುಟ್ಟುವುದನ್ನೇ ಬಿಟ್ಟಿದ್ದವಳು ಕೆಳಗಿನ ಎರಡು ಮೆಟ್ಟಿಲು ಹತ್ತಿ, ಒಂದು ಪುಟ್ಟ ಡಬ್ಬಿ ಇಳಿಸಿ, ಬಟ್ಟೆ ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಲೋಹದ ಟೋಪಿಯನ್ನು ಹೊರಗೆ ತೆಗೆದಳು. ತಂಗಿಯ ಕೈ ಹಿಡಿದು ಅದನ್ನು ಅವಳ ಬೆರಳಿಗೆ ತೊಡಿಸಿದಳು.

"ಇದು ಅಂಗುಸ್ತಾನ ಕಣೇ."

"ಇದಾ!" ಎಂದಳು ತಂಗಿ. ಬೆರಳನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. "ಇಷ್ಟು ಗಿಡ್ಡಕ್ಕೆ ಅಷ್ಟುದ್ದ ಹೆಸರಾ? ಅಂಗುಸ್ತಾನ. ಅಂಗುಸ್ತಾನ. ನಾಳೆ ಮರೆತುಬಿಟ್ರೆ?"

"ನಾಳೆ ಮತ್ತೆ ಹೇಳ್ತೀನಿ."

"ನಾಳಿದ್ದು?"

"ನಾಳಿದ್ದು ಬೈದು ಹೇಳ್ತೀನಿ."

ದರ್ಜಿ ಡಬ್ಬಿಯಿಂದ ಇನ್ನೊಂದನ್ನು ತಾನೇ ಆರಿಸಿಕೊಂಡ. ಹೋಗುವಾಗ ಬಾಗಿಲಲ್ಲಿ ನಿಂತು, ತನ್ನ ಸೊಂಟದ ಮೇಲೆ ಬೆರಳಿಟ್ಟು, "ಬಕಲ್" ಎಂದು ತಂಗಿಗೆ ಗಟ್ಟಿಯಾಗಿ ಹೇಳಿಹೋದ.